ಮೂರನೆಯ ಮಹಡಿಯ ಗ್ರಿಲ್‌ಗೆ ಕಿಂಡಿ ಬೇಕೇ? ಮನೆಗೆ ಬೆಂಕಿ ಬಿದ್ದಾಗ ಹೊರಗೆ ಹೋಗುವ ದಾರಿಯ ಬಗ್ಗೆ ಮುಂಬೈ ಕಡೆಯವರ ಚರ್ಚೆ (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಡೊಂಬಿವಲಿ ಪೂರ್ವ

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಬಣ್ಣದ ಕೆಲಸ ಮುಗಿದು ಈಗ ಮನೆಮನೆಗೂ ಹೊಸ ಗ್ರಿಲ್ ಹಾಕಿಸುವ ಗಡಿಬಿಡಿ. ಹೊರಕ್ಕೆ ಎರಡು ಅಡಿ ಚಾಚಿಕೊಂಡ ಪೆಟ್ಟಿಗೆ ಗ್ರಿಲ್. ಅದರಲ್ಲಿ ತುಳಸಿ ಕುಂಡ, ಒಗೆದ ಬಟ್ಟೆ, ಹಳೆಯ ಪತ್ರಿಕೆಯ ಕಟ್ಟು, ಎಲ್ಲವೂ. ಈ ಊರಿನಲ್ಲಿ ಅದು ಮನೆಯ ಅರ್ಧ ಕೋಣೆ ಇದ್ದ ಹಾಗೆ. ವೆಲ್ಡರ್ ಕೇಳುತ್ತಿದ್ದಾನೆ: ತೆರೆಯುವ ಕಿಂಡಿ ಬೇಕೇ, ಬೇಡವೇ? ಕಿಂಡಿ ಇಟ್ಟರೆ ಅದು ತಿರುಗಲು ಕಬ್ಜ, ಚಿಲಕ, ಕೂಲಿ ಎಲ್ಲ ಸೇರಿ ಖರ್ಚು ಹೆಚ್ಚು. ನಮ್ಮ ತಂದೆಯವರ ಪ್ರಕಾರ ಕಿಂಡಿ ಎಂದರೆ ಕಳ್ಳನಿಗೆ ಕೊಟ್ಟ ಆಮಂತ್ರಣ ಪತ್ರಿಕೆ. ಹೆಂಡತಿಗೆ ಮಗು ಹತ್ತಿ ಬಿದ್ದೀತೆಂಬ ಭಯ.

ನನ್ನ ತಲೆಯಲ್ಲಿ ಕೂತಿರುವುದು ಮುಂಬೈಯ ಗೋರೆಗಾಂವ್. 2023ರ ಅಕ್ಟೋಬರ್ 6ರ ನಸುಕಿನಲ್ಲಿ ಏಳು ಅಂತಸ್ತಿನ ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಬೆಂಕಿ ಹೊತ್ತಿತು. ಅಲ್ಲಿ ವಾಹನಗಳ ಜೊತೆ ಹಳೆ ಬಟ್ಟೆಯ ಗಂಟುಗಳಿದ್ದವು. ಹೊಗೆ ನೇರವಾಗಿ ಮೆಟ್ಟಿಲು ಹತ್ತಿತು. ಜನ ಎಚ್ಚರಗೊಂಡು ಬಾಗಿಲು ತೆಗೆಯುವ ಹೊತ್ತಿಗೆ ಇಳಿಯುವ ದಾರಿಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕಿಟಕಿಯೂ ಪಂಜರವಾಗಿದ್ದರೆ ಮನುಷ್ಯ ಎಲ್ಲಿಗೆ ಹೋಗಬೇಕು? ತಿಳಿದವರು ಹೇಳಿ. ವೆಲ್ಡರ್ ಭಾನುವಾರ ಅಳತೆ ತೆಗೆಯಲು ಬರುತ್ತಾನೆ.

ಮುಲುಂಡ್ ಸೆಕ್ರೆಟರಿ

ಕಿಂಡಿ ಇಡಿಸಿ, ಚರ್ಚೆಯೇ ಬೇಡ. ಆದರೆ ಕಿಂಡಿ ಕೊನೆಯ ದಾರಿ. ಮೊದಲನೆಯ ದಾರಿ ಮೆಟ್ಟಿಲು, ಅದನ್ನು ನಾವೇ ಮುಚ್ಚಿಕೊಂಡು ಕುಳಿತಿದ್ದೇವೆ.

ನಮ್ಮ ಕಟ್ಟಡದಲ್ಲಿ ಸಂಜೆ ಒಮ್ಮೆ ಮೇಲಿನಿಂದ ಕೆಳಗೆ ನಡೆದು ನೋಡಿದರೆ ಸಾಕು. ಒಂದು ಮಹಡಿಯಲ್ಲಿ ಚಪ್ಪಲಿ ಗೂಡು, ಅದರ ಮೇಲೆ ಗಣಪತಿ ಹಬ್ಬದ ಥರ್ಮೊಕೋಲ್ ಮಂಟಪ. ಇನ್ನೊಂದರಲ್ಲಿ ಮಗಳ ಮದುವೆಯ ನಂತರ ಉಳಿದ ಹಳೆಯ ಹಾಸಿಗೆ, ಗೋಡೆಗೆ ಒರಗಿಸಿದ್ದು. ಮತ್ತೊಂದರಲ್ಲಿ ಎರಡು ಸೈಕಲ್, ಎರಡನ್ನೂ ಸರಪಳಿಯಿಂದ ಮೆಟ್ಟಿಲ ಕಟಕಟೆಗೇ ಬಿಗಿದಿದ್ದಾರೆ. ಫೋಮ್ ಹಾಸಿಗೆ ಹೊತ್ತಿಕೊಂಡರೆ ಅದರ ಕಪ್ಪು ಹೊಗೆಯೊಂದೇ ಸಾಕು, ಜ್ವಾಲೆ ಮುಟ್ಟಬೇಕಾಗಿಯೂ ಇಲ್ಲ. ನೋಟಿಸ್ ಅಂಟಿಸಿದರೆ ‘ನಿಮ್ಮ ಮಹಡಿ ಮೊದಲು ನೋಡಿಕೊಳ್ಳಿ’ ಎಂಬ ಉತ್ತರ. ಮಹಾಸಭೆಯಲ್ಲಿ ಪಾರ್ಕಿಂಗ್ ಬಗ್ಗೆ ಎರಡು ಗಂಟೆ ಜಗಳವಾಡುವ ಜನ ಈ ವಿಷಯ ಬಂದಾಗ ಚಹಾ ಕುಡಿಯಲು ಏಳುತ್ತಾರೆ.

ಕಾನೂನಿನ ಮಾತು ಹೇಳುವುದಾದರೆ, ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕಾಯ್ದೆ ಇದೆ. ಅದರ ಪ್ರಕಾರ ಕಟ್ಟಡದ ಪಂಪು, ಹೈಡ್ರಂಟ್ (ಬೆಂಕಿ ಆರಿಸುವ ನೀರಿನ ದೊಡ್ಡ ನಲ್ಲಿ), ಪೈಪುಗಳು ಸುಸ್ಥಿತಿಯಲ್ಲಿವೆ ಎಂದು ಪರವಾನಗಿ ಹೊಂದಿದ ಸಂಸ್ಥೆಯಿಂದ ಫಾರ್ಮ್ ಬಿ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈನಲ್ಲಿ ಕೊಡಬೇಕು. ಡೊಂಬಿವಲಿಯವರೇ, ನಿಮ್ಮ ಸೊಸೈಟಿಯ ಕಚೇರಿಯಲ್ಲಿ ಕಳೆದ ಫಾರ್ಮ್ ಬಿ ತೋರಿಸಿ ಎಂದು ಕೇಳಿ. ಸದಸ್ಯರಾದ ನಿಮಗೆ ಕೇಳುವ ಹಕ್ಕಿದೆ. ಕಾಗದ ಸಿಕ್ಕಿದರೂ ಅಷ್ಟಕ್ಕೇ ನಂಬಬೇಡಿ, ಹೈಡ್ರಂಟ್ ಪೆಟ್ಟಿಗೆ ತೆರೆದು ನೋಡಿ. ಹಿತ್ತಾಳೆಯ ನಳಿಕೆ ಗುಜರಿಗೆ ಹೋಗಿ, ಒಳಗೆ ಪೊರಕೆ ಬಕೆಟ್ ಇಟ್ಟಿರುವುದು ಈ ಊರಿಗೆ ಹೊಸದೇನಲ್ಲ.

ಕಲ್ಯಾಣದ ಸೊಸೆ

ಸೆಕ್ರೆಟರಿಯವರೇ, ನಿಮ್ಮ ಕಾನೂನು ಸರಿ. ಆದರೆ ಕಿಂಡಿ ಇದ್ದು ಏನು ಪ್ರಯೋಜನ? ಮೂರನೆಯ ಮಹಡಿಯಿಂದ ಹಾರುವುದೇ? ನಮ್ಮದು ಆರನೆಯ ಮಹಡಿ. ಅತ್ತೆಯವರು ಪಾರ್ಶ್ವವಾಯು ಆಗಿ ಮಂಚದಲ್ಲೇ ಇದ್ದಾರೆ. ‘ಮೆಟ್ಟಿಲಿಂದ ಓಡಿ’ ಎಂದು ಎಲ್ಲರೂ ಹೇಳುತ್ತಾರೆ. ಓಡಲಾಗದವರ ವಿಷಯ ಬಂದಾಗ ಮಾತ್ರ ಮಾತು ನಿಲ್ಲುತ್ತದೆ.

ಭಾಂಡುಪ್ ವೈರ್‌ಮನ್

ಹೊರಗೆ ಹೋಗುವ ದಾರಿ ಆಮೇಲೆ ನೋಡೋಣ, ಬೆಂಕಿ ಒಳಗೆ ಬರುವ ದಾರಿ ಮೊದಲು ನೋಡಿ. ನಾನು ಈ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡವನು, ಅದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಪತ್ರಿಕೆಯಲ್ಲಿ ‘ಶಾರ್ಟ್ ಸರ್ಕಿಟ್’ ಎಂದು ಬರೆದು ಮುಗಿಸುತ್ತಾರೆ. ನಾನು ಕರಕಲಾದ ಬೋರ್ಡು ಬಿಚ್ಚಿ ನೋಡಿದಾಗ ಹೆಚ್ಚಾಗಿ ಕಾಣುವುದು ಸಡಿಲವಾದ ಸ್ಕ್ರೂ. ತಂತಿ ಸಡಿಲವಿದ್ದರೆ ಆ ಜಾಗ ಕಾಯುತ್ತದೆ, ಕಾದಷ್ಟೂ ಇನ್ನೂ ಸಡಿಲವಾಗುತ್ತದೆ. ಪ್ಲಗ್ಗಿನ ಪಿನ್ ಸುತ್ತ ಮೊದಲು ಚಹಾ ಕಲೆಯಂಥ ಕಂದು ಬಣ್ಣ, ಆಮೇಲೆ ಪ್ಲಾಸ್ಟಿಕ್ ಮೇಲೆ ಗುಳ್ಳೆ, ಆಮೇಲೆ ಮೀನು ಕೊಳೆತಂಥ ವಾಸನೆ. ಎಷ್ಟೋ ಮನೆಯವರು ಆ ವಾಸನೆಗೆ ಕಸದ ಡಬ್ಬಿ ತೊಳೆಯುತ್ತಾರೆ. ಇದಕ್ಕೆ ಎಂಸಿಬಿ, ಅಂದರೆ ವಿದ್ಯುತ್ ಮಿತಿ ಮೀರಿ ಹರಿದರೆ ತಾನಾಗಿಯೇ ಕಡಿಯುವ ಸ್ವಿಚ್ಚು, ಬೀಳುವುದಿಲ್ಲ, ಇದು ಗೊತ್ತಿರಲಿ. ಸಡಿಲ ಜೋಡಣೆಯಲ್ಲಿ ವಿದ್ಯುತ್ ಹೆಚ್ಚು ಹರಿಯುವುದಿಲ್ಲ, ಹರಿಯುವ ಅಷ್ಟೇ ವಿದ್ಯುತ್ತು ಒಂದೇ ಜಾಗವನ್ನು ಸುಡುತ್ತದೆ.

ಎರಡನೆಯದು, ಎಂಸಿಬಿ ಪದೇಪದೇ ಬೀಳುತ್ತದೆ ಎಂದು ದೊಡ್ಡದು ಹಾಕಿಸುವವರು. ‘16 ಆಂಪಿಯರಿನದು ತೆಗೆದು 32ರದು ಹಾಕಿ ಅಣ್ಣ’ ಎಂದು ಗಿರಾಕಿ ಹೇಳುತ್ತಾರೆ, ಕೆಲವು ವೈರ್‌ಮನ್‌ಗಳು ಹಾಕಿಯೂ ಕೊಡುತ್ತಾರೆ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯಲು. ತಂತಿ ಹಳೆಯದೇ ಇಟ್ಟು ಎಂಸಿಬಿ ದೊಡ್ಡದು ಮಾಡಿದರೆ, ಬೀಳುವುದು ನಿಂತು ಉರಿಯುವುದು ಶುರುವಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿ ಇನ್ನೂ ಇದೆ. ಅದಕ್ಕೆ ಹೊಸ ತಾಮ್ರದ ತಂತಿ ಹೆಣೆದು ಟೇಪ್ ಸುತ್ತಿದ್ದರೆ ಆ ಗಂಟೇ ಅಪಾಯದ ಜಾಗ.

ಆರ್‌ಸಿಸಿಬಿ ಎಂಬುದು ಬೇರೆ. 30 ಮಿಲಿಆಂಪಿಯರ್‌ನದು ಮನೆಗೆ ಬೇಕು. ತಂತಿಯಿಂದ ವಿದ್ಯುತ್ ಸೋರಿದರೆ ಅದು ಕಡಿದುಹಾಕುತ್ತದೆ, ಮೈಗೆ ತಗುಲಿದಾಗ ಜೀವ ಉಳಿಸುತ್ತದೆ. ಅದರ ಮೇಲೆ ‘ಟಿ’ ಎಂದು ಸಣ್ಣ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಿ, ಟಪ್ ಎಂದು ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರ.

ಡೊಂಬಿವಲಿ ಪೂರ್ವ

ಅಣ್ಣ, ಬಚ್ಚಲುಮನೆಯ ಗೀಸರನ್ನು ಸದ್ಯಕ್ಕೆ ಎಕ್ಸ್‌ಟೆನ್ಶನ್ ಬೋರ್ಡಿನಿಂದ ನಡೆಸುತ್ತಿದ್ದೇವೆ. ಬಾಡಿಗೆದಾರರು ಬಿಟ್ಟು ಹೋದ ಬೋರ್ಡು, ನೋಡಲು ಗಟ್ಟಿಯಾಗಿದೆ.

ಭಾಂಡುಪ್ ವೈರ್‌ಮನ್

ಇವತ್ತೇ ಕೀಳಿ. 2000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ನಿಮ್ಮ ಬೋರ್ಡಿನ ಹಿಂದೆ 6 ಎಂದು ಅಚ್ಚಾಗಿರುತ್ತದೆ, ತಿರುಗಿಸಿ ನೋಡಿ. ಒಂದೂವರೆ ಟನ್ನಿನ ಎಸಿಯೂ ಹೀಗೆಯೇ, ಅದಕ್ಕೆ ಎಂಸಿಬಿ ಪೆಟ್ಟಿಗೆಯಿಂದಲೇ ಬೇರೆ ತಂತಿ ಎಳೆಯಬೇಕು. ಎಕ್ಸ್‌ಟೆನ್ಶನ್ ಬೋರ್ಡು ಮೊಬೈಲ್ ಚಾರ್ಜಿಗೆ, ಟೇಬಲ್ ಫ್ಯಾನಿಗೆ. ಉಳಿದ ತಂತಿಯನ್ನು ಸುರುಳಿ ಸುತ್ತಿ ಕಾರ್ಪೆಟ್ ಕೆಳಗೆ ತುರುಕುವವರಿಗೆ ನಾನು ಏನೂ ಹೇಳುವುದಿಲ್ಲ, ಕೇಳುವುದಿಲ್ಲ ಅವರು.

ಹೋಟೆಲ್ ಗಲ್ಲಾ

ಕರೆಂಟಿನ ಮಾತು ಆಯಿತು, ಗ್ಯಾಸಿನ ಬಗ್ಗೆ ನಾನು ಹೇಳುತ್ತೇನೆ ಮಾರಾಯರೇ. ಗಲ್ಲಾದಲ್ಲಿ ಕೂರುವವನಾದರೂ ಅಡುಗೆಮನೆಯಲ್ಲೇ ಬೆಳೆದವನು.

ಈ ಊರಿನಲ್ಲಿ ಎರಡು ಬಗೆಯ ಗ್ಯಾಸ್ ಇದೆ, ಎರಡರ ಸ್ವಭಾವವೂ ವಿರುದ್ಧ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ಕಟ್ಟೆಯ ಕೆಳಗೆ, ಮೋರಿಯ ತೂತಿನಲ್ಲಿ ಕೂರುತ್ತದೆ. ಅದಕ್ಕೇ ಸಿಲಿಂಡರನ್ನು ಬಾಗಿಲು ಮುಚ್ಚಿದ ಕಪಾಟಿನಲ್ಲಿ ಇಡುವವರು ಕಪಾಟಿನ ಬಾಗಿಲಿಗೆ ಕೆಳಗೆ ಗಾಳಿ ಕಿಂಡಿ ಮಾಡಿಸಬೇಕು. ಹೊಸ ಮಾಡ್ಯುಲರ್ ಅಡುಗೆಮನೆಗಳಲ್ಲಿ ಅಂದಕ್ಕಾಗಿ ಅದನ್ನೇ ಬಿಟ್ಟಿರುತ್ತಾರೆ.

ವಾಸನೆ ಬಂದರೆ ಸ್ವಿಚ್ ಹಾಕಬಾರದು ಎಂದು ಎಲ್ಲರಿಗೂ ಗೊತ್ತು. ಆರಿಸಲೂಬಾರದು ಎಂಬುದು ಅರ್ಧ ಜನರಿಗೆ ಗೊತ್ತಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಹೊರಗೆ ಓಡಿಸುತ್ತೇನೆ ಎನ್ನುವವರೂ ಇದ್ದಾರೆ. ಸ್ವಿಚ್ಚಿನೊಳಗೆ ಕಿಡಿ ಹಾರುವುದು ಎರಡೂ ಸಲ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಹೊರಗಿನಿಂದ ಫೋನ್ ಮಾಡಿ. ಸಿಲಿಂಡರ್ ಸೋರಿಕೆಗೆ 1906, ಬೆಂಕಿಗೆ 101, ಯಾವುದೂ ನೆನಪಾಗದಿದ್ದರೆ 112.

ರಬ್ಬರ್ ಕೊಳವೆ ನೋಡಿ. ಕಿತ್ತಳೆ ಬಣ್ಣದ, ಒಳಗೆ ಉಕ್ಕಿನ ತಂತಿ ಇರುವ ಸುರಕ್ಷಾ ಕೊಳವೆಗೆ ಐದು ವರ್ಷ ಆಯುಸ್ಸು, ಇಸವಿ ಅದರ ಮೇಲೆಯೇ ಇರುತ್ತದೆ. ಒಲೆಯ ಮೂತಿಗೆ ಸೇರುವ ಕಡೆ ಎಣ್ಣೆ ಜಿಡ್ಡು ಒರೆಸಿ, ಸ್ವಲ್ಪ ಬಗ್ಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಬಗ್ಗಿಸಿದಾಗಲೇ ಬಾಯಿ ಬಿಡುವುದು. ಸಾಬೂನಿನ ನೊರೆ ಹಚ್ಚಿ ಪರೀಕ್ಷಿಸಿ, ಕಡ್ಡಿ ಗೀರಿ ಅಲ್ಲ. ಸಿಲಿಂಡರ್ ಬಂದಾಗ ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಒಂದು ಅಕ್ಷರ ಮತ್ತು ವರ್ಷ ಇರುತ್ತದೆ, ಅದು ಸಿಲಿಂಡರಿನ ಮರುಪರೀಕ್ಷೆಯ ಗಡುವು. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ದಾಟಿದ್ದರೆ ವಾಪಸ್ ಕೊಡಿ.

ಇನ್ನೊಂದು ಮಾತು ನಮ್ಮ ಹೋಟೆಲಿನವರಿಗಾಗಿಯೇ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರಸ್ತೆಯಲ್ಲಿ ಫರಸಾಣ್ (ಕುರುಕಲು ತಿಂಡಿ) ಅಂಗಡಿಗೆ ಬೆಂಕಿ ಬಿದ್ದು 12 ಮಂದಿ ಕೆಲಸಗಾರರು ಸತ್ತರು. ಮಲಗಿದ್ದು ಕೆಲಸದ ಜಾಗದಲ್ಲೇ. ಆ ತಿಂಗಳು ಮುಗಿಯುವುದರೊಳಗೆ, 29ರಂದು, ಕಮಲಾ ಮಿಲ್ಸ್‌ನ ಪಬ್ಬಿನ ಬೆಂಕಿಯಲ್ಲಿ 14 ಮಂದಿ ಹೋದರು, ಊರೆಲ್ಲ ಅದನ್ನೇ ಮಾತನಾಡಿತು. ಸಾಕಿನಾಕಾ ಯಾರಿಗೂ ನೆನಪಿಲ್ಲ. ಊರಿನಿಂದ ಹುಡುಗರನ್ನು ಕರೆತಂದು ಅಡುಗೆಮನೆಯ ಮೇಲಿನ ಪೋಟಮಾಳಿಗೆ ಎಂಬ ಅಟ್ಟದಲ್ಲಿ ಮಲಗಿಸಿ, ಹೊರಗಿನಿಂದ ಶಟರ್ ಎಳೆದು ಬೀಗ ಹಾಕುವ ಪದ್ಧತಿ ನಮ್ಮ ಧಂದೆಯಲ್ಲಿ ಇನ್ನೂ ಸತ್ತಿಲ್ಲ. ಅವರಿಗೂ ಅದು ಮನೆಯೇ. ಬೀಗದ ಕೈ ಒಳಗಿರಲಿ, ಏಣಿ ಎರಡಿರಲಿ, ಮಲಗುವ ಮೊದಲು ಪ್ರತಿ ಸಿಲಿಂಡರಿನ ವಾಲ್ವ್ ಮುಚ್ಚುವುದು ಒಬ್ಬನ ಹೆಸರಿಗೆ ಇರಲಿ. ಸಿಟ್ಟು ಬಂದವರು ಬೈಯಿರಿ, ಪರವಾಗಿಲ್ಲ.

ಮಾಟುಂಗಾದ ಅಜ್ಜಿ

ಬೈಯುವುದೇಕೆ, ಸರಿಯಾಗಿ ಹೇಳಿದಿರಿ.

ಗಂಡಸರೆಲ್ಲ ತಂತಿ, ವಾಲ್ವು ಎಂದು ಬರೆದಿರಿ. ದೇವರ ಮನೆಯ ಬಗ್ಗೆ ಯಾರೂ ಉಸಿರೆತ್ತಲಿಲ್ಲ, ದೇವರು ಕೋಪಿಸಿಕೊಂಡಾನೆಂದೋ ಏನೋ. ಒಂದು ಕೋಣೆಯ ಮನೆಯಲ್ಲಿ ಪ್ಲೈವುಡ್ಡಿನ ಮಂದಿರ, ಅದಕ್ಕೆ ನೈಲಾನ್ ಪರದೆ, ಮೇಲೆ ಪ್ಲಾಸ್ಟಿಕ್ ತೋರಣ, ಒಳಗೆ ನಂದಾದೀಪ. ದೀಪ ಹಚ್ಚಿ ಬೀಗ ಹಾಕಿಕೊಂಡು ಭಜನೆಗೆ ಹೋಗುತ್ತಾರೆ. ನಾನು ಹಿತ್ತಾಳೆಯ ಅಗಲ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ದೀಪ ಇಡುತ್ತೇನೆ, ಮನೆ ಬಿಡುವಾಗ, ಮಲಗುವಾಗ ಹೂವಿನಿಂದ ಶಾಂತ ಮಾಡುತ್ತೇನೆ. ದೇವರಿಗೆ ಕತ್ತಲೆಯ ಭಯವಿಲ್ಲ.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ ಎಂದು ಮನೆಗೆ ಬಂದ ಸೊಸೆಯಂದಿರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ. ನೀರು ಎಣ್ಣೆಯ ತಳಕ್ಕೆ ಹೋಗಿ ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಛಾವಣಿಗೆ ಎರಚುತ್ತದೆ. ಒಲೆ ಆರಿಸಿ, ದೊಡ್ಡ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಆಮೇಲೆ ಅದನ್ನು ಎತ್ತಿ ಇಣುಕಬೇಡಿ, ಪೂರ್ತಿ ತಣ್ಣಗಾಗಲಿ. ಬಾಣಲೆಯನ್ನು ಎತ್ತಿಕೊಂಡು ಬಚ್ಚಲಿಗೆ ಓಡುವುದಂತೂ ಮೂರ್ಖತನ. ವಡೆ, ಹಪ್ಪಳ ಕರಿಯುವ ದಿನ ಆ ಮುಚ್ಚಳ ಮೊದಲೇ ಕಟ್ಟೆಯ ಮೇಲೆ ಬಂದಿರಬೇಕು. ಮತ್ತೆ, ಅಡುಗೆ ಮಾಡುವಾಗ ಆ ಜಾರುವ ನೈಲಾನ್ ನೈಟಿ ಬೇಡ, ಹತ್ತಿಯದು ಉಡಿ. ನೈಲಾನ್ ಕರಗಿ ಮೈಗೆ ಅಂಟುತ್ತದೆ.

ದೀಪಾವಳಿಯ ರಾತ್ರಿ ಗ್ರಿಲ್‌ನಲ್ಲಿ ಒಣಹಾಕಿದ ಬಟ್ಟೆ ಒಳಗೆ ತೆಗೆದು ಕಿಟಕಿ ಮುಚ್ಚಿ. ಪಕ್ಕದ ಕಾಲನಿಯ ರಾಕೆಟ್ಟಿಗೆ ನಿಮ್ಮ ಮನೆಯ ವಿಳಾಸ ಗೊತ್ತಿರುವುದಿಲ್ಲ.

ವಸಾಯಿ ರೋಡ್

ಇ-ಸ್ಕೂಟರ್ ಇರುವವರು ಗಮನಿಸಿ. 2022ರಲ್ಲಿ ನಮ್ಮ ವಸಾಯಿಯಲ್ಲೇ ರಾತ್ರಿ ಮನೆಯೊಳಗೆ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿ ಸ್ಫೋಟಿಸಿ ಚಿಕ್ಕ ಹುಡುಗನೊಬ್ಬ ತೀರಿಕೊಂಡ. ಎಲ್ಲರೂ ಮಲಗಿದ ಮೇಲೆ ಬ್ಯಾಟರಿ ಚಾರ್ಜಿಗೆ ಇಡುವುದು, ಅದರಲ್ಲೂ ಬಾಗಿಲ ಬಳಿಯ ಪ್ಲಗ್ಗಿಗೆ ಹಾಕುವುದು ಬೇಡ. ಲಿಥಿಯಂ ಬ್ಯಾಟರಿ ಹೊತ್ತಿದರೆ ಮುಚ್ಚಿದರೂ ಆರುವುದಿಲ್ಲ, ಒಳಗಿನ ಕೋಶಗಳು ಒಂದಾದ ಮೇಲೊಂದು ಸಿಡಿಯುತ್ತವೆ. ಕಂಪನಿ ಕೊಟ್ಟ ಚಾರ್ಜರ್ ಮಾತ್ರ ಬಳಸಿ. ಉಬ್ಬಿದ ಬ್ಯಾಟರಿಯನ್ನು ‘ಇನ್ನೊಂದು ವಾರ ನಡೆಯಲಿ’ ಎಂದು ಇಟ್ಟುಕೊಳ್ಳಬೇಡಿ.

ಐರೋಲಿ ನರ್ಸ್

ಕಲ್ಯಾಣದ ಅಕ್ಕನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದರಿಂದ ಬರೆಯುತ್ತಿದ್ದೇನೆ.

ಅಕ್ಕ, ಬೆಂಕಿಯಲ್ಲಿ ಸಾಯುವವರಲ್ಲಿ ಬಹಳ ಜನರನ್ನು ಕೊಲ್ಲುವುದು ಜ್ವಾಲೆ ಅಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯ ಕೆಮ್ಮುವ ಮೊದಲೇ ಬುದ್ಧಿ ಮಂಕಾಗುತ್ತದೆ. ಹಾಗಾಗಿ ಬೆಂಕಿ ಎಲ್ಲಿದೆ ಎಂಬುದರ ಮೇಲೆ ನಿಮ್ಮ ನಿರ್ಧಾರ. ನಿಮ್ಮ ಮನೆಯಲ್ಲೇ ಇದ್ದರೆ ಹೊರಗೆ ಬನ್ನಿ, ಬರುವಾಗ ಬೆಂಕಿ ಇರುವ ಕೋಣೆಯ ಬಾಗಿಲು ಎಳೆದು ಮುಚ್ಚಿ. ಮುಚ್ಚಿದ ಬಾಗಿಲು ಹೊಗೆಯನ್ನು ತಡೆದು ಸಮಯ ಕೊಡುತ್ತದೆ. ಅತ್ತೆಯವರನ್ನು ಎತ್ತಿಕೊಳ್ಳಲು ಹೋಗಬೇಡಿ. ಮಂಚದಿಂದ ಗಟ್ಟಿ ಕಂಬಳಿಯ ಮೇಲೆ ಇಳಿಸಿ, ತಲೆಯ ಕಡೆಯ ಎರಡು ಮೂಲೆ ಹಿಡಿದು, ಬಗ್ಗಿಕೊಂಡು ನೆಲದ ಮೇಲೆ ಎಳೆಯಿರಿ. ಆಸ್ಪತ್ರೆಯಲ್ಲಿ ನಮಗೂ ಇದನ್ನೇ ಕಲಿಸುತ್ತಾರೆ. ನೆಲದ ಹತ್ತಿರ ಹೊಗೆ ತೆಳು ಇರುತ್ತದೆ, ಇಬ್ಬರಿಗೂ ಉಸಿರಾಟ ಸುಲಭ. ಅವರ ಮಂಚ ಒಳಕೋಣೆಯಲ್ಲಿದ್ದರೆ ಬಾಗಿಲಿಗೆ ಹತ್ತಿರದ ಕೋಣೆಗೆ ಬದಲಿಸಿ. ಹಾಸಿಗೆಯ ಕೆಳಗೆ ಆ ಕಂಬಳಿ ಯಾವಾಗಲೂ ಹಾಸಿರಲಿ.

ಬೆಂಕಿ ಕೆಳಗಿನ ಮಹಡಿಯಲ್ಲಿದ್ದು ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಲೆಕ್ಕ ಬೇರೆ. ಬಾಗಿಲು ತೆರೆಯುವ ಮುನ್ನ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ಅಥವಾ ಹೊರಗೆ ದಟ್ಟ ಹೊಗೆಯಿದ್ದರೆ ಒಳಗೇ ಉಳಿಯಿರಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆಯ ಕಡೆಯ ಕಿಟಕಿಗೆ ಹೋಗಿ ಬಣ್ಣದ ಬಟ್ಟೆ ಬೀಸಿ, 101ಕ್ಕೆ ಫೋನ್ ಮಾಡಿ ಮಹಡಿ ಮತ್ತು ಮನೆಯ ಸಂಖ್ಯೆ ಹೇಳಿ. ಲಿಫ್ಟ್ ಮುಟ್ಟಲೇಬಾರದು. 2018ರ ಆಗಸ್ಟಿನಲ್ಲಿ ಪರೇಲ್‌ನ ಕ್ರಿಸ್ಟಲ್ ಟವರ್‌ಗೆ ಬೆಂಕಿ ಬಿದ್ದಾಗ ಹತ್ತು ವರ್ಷದ ಒಬ್ಬ ಹುಡುಗಿ ಶಾಲೆಯಲ್ಲಿ ಕಲಿತಿದ್ದನ್ನು ನೆನಪಿಟ್ಟು, ಹತ್ತಿ ಬಟ್ಟೆ ಹರಿದು ಒದ್ದೆ ಮಾಡಿ ಅಕ್ಕಪಕ್ಕದವರಿಗೆಲ್ಲ ಮೂಗಿಗೆ ಹಿಡಿಯಲು ಕೊಟ್ಟಳು. ಅವಳಿಗೆ ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಒದ್ದೆ ಬಟ್ಟೆ ಹೊಗೆಯ ಮಸಿಯನ್ನು ತಡೆಯುತ್ತದೆ, ವಿಷಾನಿಲವನ್ನು ತಡೆಯುವುದಿಲ್ಲ. ಅದನ್ನು ನಂಬಿ ಹೊಗೆಯೊಳಗೆ ನುಗ್ಗಬೇಡಿ.

ಸುಟ್ಟ ಗಾಯದ ಬಗ್ಗೆ ಒಂದೇ ವಿಷಯ, ದಯವಿಟ್ಟು ಎಲ್ಲರೂ ಓದಿ. ಹರಿಯುವ ನಲ್ಲಿ ನೀರು, 20 ನಿಮಿಷ. ಮಂಜುಗಡ್ಡೆ ಅಲ್ಲ. ಟೂತ್‌ಪೇಸ್ಟ್, ಶಾಯಿ, ಕಾಫಿ ಪುಡಿ, ಅರಿಸಿನ, ತುಪ್ಪ ಬೇಡ. ಆಸ್ಪತ್ರೆಯಲ್ಲಿ ಅದನ್ನು ಉಜ್ಜಿ ತೆಗೆಯುವಾಗ ರೋಗಿ ಪಡುವ ಪಾಡು ನಾವು ನೋಡುತ್ತೇವೆ. ಬಳೆ, ಉಂಗುರ ಊದಿಕೊಳ್ಳುವ ಮೊದಲೇ ತೆಗೆಯಿರಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ.

ಕಲ್ಯಾಣದ ಸೊಸೆ

ಧನ್ಯವಾದ. ನಾದಿನಿಯ ಜೊತೆ ಸೇರಿ ಕಂಬಳಿ ಎಳೆದು ನೋಡಿದೆವು. ನಾದಿನಿಯನ್ನೇ ಮಲಗಿಸಿ ಮೊದಲು ಎಳೆದದ್ದು, ಅತ್ತೆಗೆ ನಗು ತಡೆಯಲಾಗಲಿಲ್ಲ. ಟೈಲ್ಸ್ ಮೇಲೆ ನಾನೊಬ್ಬಳೇ ಎಳೆಯಬಲ್ಲೆ, ಹೊಸ್ತಿಲ ಬಳಿ ಮಾತ್ರ ಇಬ್ಬರು ಬೇಕು.

ಮುಲುಂಡ್ ಸೆಕ್ರೆಟರಿ

ನರ್ಸ್ ಅವರು ಹೇಳಿದ್ದು ಸರಿ. ಆದರೆ ತಾರಸಿಯ ಬಾಗಿಲಿನ ಬೀಗದ ಬಗ್ಗೆಯೂ ಯಾರಾದರೂ ಹೇಳಿ. ಬೀಗ ತೆಗೆದರೆ ಹುಡುಗರು ಸಿಗರೇಟಿಗೆ ಹೋಗುತ್ತಾರೆ ಎಂದು ಅರ್ಧ ಸೊಸೈಟಿ, ಹಾಕಿದರೆ ಬೆಂಕಿಗೆ ಅಪಾಯ ಎಂದು ಉಳಿದರ್ಧ.

ಭಾಂಡುಪ್ ವೈರ್‌ಮನ್

ಒಳಗಿನಿಂದ ಬೀಗದ ಬದಲು ಚಿಲಕ ಹಾಕಿ, ತೆರೆದರೆ ಬಡಿದುಕೊಳ್ಳುವ ಗಂಟೆ ಕೂರಿಸಿ. ಬಾಗಿಲಿಗೆ ಕೂರಿಸುವ ಬ್ಯಾಟರಿ ಗಂಟೆ ಲೋಹಾರ್ ಚಾಲ್‌ನಲ್ಲಿ ಸಿಗುತ್ತದೆ. ಸಿಗರೇಟಿನವರೂ ಸಿಕ್ಕಿಬೀಳುತ್ತಾರೆ. ಆದರೆ ಮೆಟ್ಟಿಲಲ್ಲಿ ಹೊಗೆ ಇದ್ದಾಗ ಮೇಲೆ ಓಡಿಹೋಗುವುದು ಹೊಗೆಯ ಜೊತೆಗೇ ಓಡಿದಂತೆ. ಹೊಗೆ ನಮಗಿಂತ ಬೇಗ ಹತ್ತುತ್ತದೆ.

ಮನೆಗೊಂದು ಬ್ಯಾಟರಿಯ ಹೊಗೆ ಗಂಟೆಯನ್ನೂ ಹಾಕಿಸಿ, ಮಲಗುವ ಕೋಣೆಯ ಹೊರಗೆ ಛಾವಣಿಗೆ. ರಾತ್ರಿ ಮೂಗು ಮಲಗಿರುತ್ತದೆ, ಕಿವಿ ಎದ್ದಿರುತ್ತದೆ. ಅಡುಗೆಮನೆಯಲ್ಲಿ ಬೇಡ, ಒಗ್ಗರಣೆಗೆ ಕೂಗುತ್ತದೆ.

ಮಾಟುಂಗಾದ ಅಜ್ಜಿ

ಊದುಬತ್ತಿಗೂ ಕೂಗುತ್ತದೆ. ಮೊಮ್ಮಗ ಹಾಕಿಸಿದ್ದಾನೆ, ಈಗ ನಾನು ಊದುಬತ್ತಿ ಕಿಟಕಿಯ ಬಳಿ ಹಚ್ಚುತ್ತೇನೆ.

ಡೊಂಬಿವಲಿ ಪೂರ್ವ

ಗೀಸರ್ ಬೋರ್ಡು ತಿರುಗಿಸಿ ನೋಡಿದೆ. 6 ಎಂದೇ ಇತ್ತು, ಒಂದು ತೂತಿನ ಸುತ್ತ ಆ ಕಂದು ಬಣ್ಣವೂ ಇತ್ತು. ಕಿತ್ತು ಎಸೆದಿದ್ದೇನೆ, ಹೊಸ ತಂತಿ ಎಳೆಯುವವರೆಗೆ ಒಲೆಯ ಮೇಲೆ ಬಿಸಿನೀರು.

ಕಿಂಡಿ ಇಡಿಸುವುದೆಂದು ಮನೆಯಲ್ಲಿ ಒಪ್ಪಿದ್ದಾರೆ. ತಂದೆಯವರ ಷರತ್ತು ಬೀಗ ಇರಬೇಕು ಎಂಬುದು. ಈಗ ಎರಡು ಪ್ರಶ್ನೆ: ಎಷ್ಟು ದೊಡ್ಡದಿರಬೇಕು, ಬೀಗದ ಕೈ ಎಲ್ಲಿಡಬೇಕು?

ಮುಲುಂಡ್ ಸೆಕ್ರೆಟರಿ

ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಭುಜ ತಿರುಗಿಸದೆ ಹೊರಬರುವಷ್ಟು. ನಮ್ಮಲ್ಲಿ ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರ ಇಟ್ಟಿದ್ದೇವೆ. ಅಗ್ನಿಶಾಮಕ ದಳದ ಏಣಿ ಬರುವುದು ರಸ್ತೆಯಿಂದ, ಹಿಂದಿನ ಗಲ್ಲಿಯ ಕಿಟಕಿಗೆ ಕಿಂಡಿ ಇಟ್ಟು ಪ್ರಯೋಜನವಿಲ್ಲ. ಮುಂಭಾಗದ ಕಿಟಕಿಗೇ ಇಡಿಸಿ. ಕಿಂಡಿಯ ಮುಂದೆ ತುಳಸಿ ಕುಂಡ ಬೇಡ, ಪಕ್ಕಕ್ಕೆ ಸರಿಸಿ. ಬೀಗದ ಕೈಯನ್ನು ಕಿಟಕಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು, ದೊಡ್ಡವರ ಕೈಗೆ ಎಟುಕುವಂತೆ, ಮಗುವಿಗೆ ಎಟುಕದಂತೆ ನೇತುಹಾಕಿ. ಹೊರಗಿನಿಂದ ಕೈ ಹಾಕಿದರೂ ಸಿಗಬಾರದು. ಮಳೆಗಾಲದಲ್ಲಿ ಬೀಗ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯ ಬೀಗ ತನ್ನಿ, ಕಬ್ಜಕ್ಕೆ ಎಣ್ಣೆ ಬಿಡಿ.

ಕಲ್ಯಾಣದ ಸೊಸೆ

ಕತ್ತಲೆಯಲ್ಲೂ ತೆಗೆದು ನೋಡಿ. ದೀಪ ಆರಿಸಿಕೊಂಡು. ನಮ್ಮ ಮುಂಬಾಗಿಲ ಸೇಫ್ಟಿ ಡೋರಿನ ಕೈ ಕತ್ತಲೆಯಲ್ಲಿ ಯಾರಿಗೂ ಸಿಗಲಿಲ್ಲ, ಈಗ ಬಾಗಿಲ ಚೌಕಟ್ಟಿಗೇ ಕೊಕ್ಕೆ ಹಾಕಿದ್ದೇವೆ.

ಡೊಂಬಿವಲಿ ಪೂರ್ವ

ಭಾನುವಾರ ವೆಲ್ಡರಿಗೆ ಈ ಅಳತೆ ಕೊಡುತ್ತೇನೆ. ಭಾಂಡುಪ್ ಅಣ್ಣ, ಗೀಸರ್ ತಂತಿಗೆ ನೀವೇ ಬರುತ್ತೀರಾ? ಪರೀಕ್ಷೆಯ ಗುಂಡಿ ಒತ್ತಿದೆ, ನಮ್ಮ ಆರ್‌ಸಿಸಿಬಿ ಬೀಳಲಿಲ್ಲ.

ಭಾಂಡುಪ್ ವೈರ್‌ಮನ್

ಶನಿವಾರ ಮಧ್ಯಾಹ್ನ ಬರುತ್ತೇನೆ. ಗೀಸರಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ತಂದಿಡಿ, ಐಎಸ್‌ಐ ಗುರುತು ನೋಡಿ ತನ್ನಿ. ಆರ್‌ಸಿಸಿಬಿ ನಾನೇ ತರುತ್ತೇನೆ.